ಕಪ್ಪತಗುಡ್ಡವೂ ಐದನೆಯ ತಲೆಮಾರಿನ ದೂರವಾಣಿಯೂ

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಕಪ್ಪತಗುಡ್ಡದ ಸಾಲು ಹಬ್ಬಿದೆ. ಅದರ ನೆತ್ತಿಯ ಮೇಲಿನ ಗಾಳಿಯಂತ್ರಗಳು ದೂರದ ಹೊಲಗಳಿಗೂ ಕಾಣುತ್ತವೆ. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವು ರೇಡಿಯೋ ಅಲೆಗಳ ಪಾಲಿಗೆ ಒಂದು ಗೋಡೆಯೂ ಅಹುದು. ಒಂದು ದೇಶವು ಹಳೆಯ ಸಂಚಾರಿ ದೂರವಾಣಿ ಜಾಲದಿಂದ ಹೊಸದಕ್ಕೆ ಸಾಗುವಾಗ ಒದಗುವ ತೊಡಕುಗಳಲ್ಲಿ ಹಲವನ್ನು ಈ ನೆಲದಿಂದಲೇ ಅರಿಯಬಹುದು.

ಭಾರತದಲ್ಲಿ ಐದನೆಯ ತಲೆಮಾರಿನ, ಅಂದರೆ 5ಜಿ ಸೇವೆಯು 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಅದಕ್ಕೆ ಮೊದಲು, ಅದೇ ವರ್ಷದ ಜುಲೈ-ಆಗಸ್ಟ್ ತಿಂಗಳುಗಳಲ್ಲಿ, ಸರಕಾರವು ತರಂಗಗಳನ್ನು ಹರಾಜು ಮಾಡಿತು. ಬಂದ ಬೆಲೆ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಕಣ್ಣಿಗೆ ಕಾಣದ ವಸ್ತುವಿಗೆ ಇಷ್ಟು ಬೆಲೆ ಏಕೆ?

ಸಂದೇಶ ಸಾಗಲು ಆವರ್ತನಗಳ ಒಂದು ಪಟ್ಟಿ ಬೇಕು. ಪಟ್ಟಿಯು ಅಗಲವಾದಷ್ಟೂ ಒಮ್ಮೆಗೆ ಸಾಗುವ ಸಂದೇಶ ಹೆಚ್ಚು. ಗಾಡಿಯ ದಾರಿಗೂ ಹೆದ್ದಾರಿಗೂ ಇರುವ ಅಂತರದಂತೆ. 700 ಮೆಗಾಹರ್ಟ್ಸ್ ಸುತ್ತಲಿನ ಜಾಗ ಇಕ್ಕಟ್ಟು. ಆ ಹರಾಜಿನಲ್ಲಿ ಜಿಯೋ ಕಂಪನಿಗೆ ಅಲ್ಲಿ ದೊರೆತುದು ಪ್ರತಿ ವಲಯದಲ್ಲಿ 10 ಮೆಗಾಹರ್ಟ್ಸ್ ಅಗಲದ ಜೋಡಿಪಟ್ಟಿ. 3300 ಮೆಗಾಹರ್ಟ್ಸಿನ ಮೇಲೆ ಏರ್‌ಟೆಲ್ ಕಂಪನಿಗೆ 100 ಮೆಗಾಹರ್ಟ್ಸ್ ಅಗಲದ ಪಟ್ಟಿಯೇ ದೊರೆಯಿತು.

ಆದರೆ ಈ ಅಗಲಕ್ಕೆ ತೆರಬೇಕಾದ ಬೆಲೆಯೊಂದಿದೆ. ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆಂದು ವಿದ್ಯಾರ್ಥಿಗಳು ಬಲ್ಲರು. 700 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 43 ಸೆಂಟಿಮೀಟರು. 3500ರದು ಎಂಟೂವರೆ ಸೆಂಟಿಮೀಟರು ಮಾತ್ರ. ಉದ್ದನೆಯ ಅಲೆಯು ಗುಡ್ಡದ ಅಂಚಿನಲ್ಲಿ ಬಾಗಿ ಆಚೆಗೂ ಅಷ್ಟಿಷ್ಟು ಇಳಿಯುತ್ತದೆ. ಗಿಡ್ಡ ಅಲೆ ಬಾಗುವುದು ಕಡಿಮೆ, ಗೋಡೆಗಳಲ್ಲಿ ಕರಗುವುದು ಹೆಚ್ಚು. ಹೊಸ ಗೋಪುರಗಳಲ್ಲಿ ಹತ್ತಾರು ಆಂಟೆನಾಗಳನ್ನು ಜೋಡಿಸಿ, ಅಲೆಗಳನ್ನು ಬೇಕಾದ ದಿಕ್ಕಿಗೆ ಒಟ್ಟುಗೂಡಿಸುವುದರಿಂದ ನಷ್ಟದ ಒಂದು ಭಾಗ ತುಂಬುತ್ತದೆ. ಆದರೂ ಗುಡ್ಡದ ನೆರಳು ಅಳಿಯುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಹಳೆಯ ಅಲೆ 6 ಕಿಲೋಮೀಟರು ದೂರ ಮುಟ್ಟುವುದೆಂದೂ ಹೊಸದು 2 ಕಿಲೋಮೀಟರು ಮುಟ್ಟುವುದೆಂದೂ ಭಾವಿಸಿರಿ. ವಿಸ್ತೀರ್ಣವು ತ್ರಿಜ್ಯದ ವರ್ಗವನ್ನು ಅನುಸರಿಸುವುದರಿಂದ ಒಂದು ಗೋಪುರದ ನೆಲಕ್ಕೆ ಇನ್ನು ಒಂಬತ್ತು ಬೇಕು. ಪ್ರತಿಯೊಂದಕ್ಕೂ ವಿದ್ಯುತ್ತು ಬೇಕು, ಗಾಜಿನ ತಂತು ಬೇಕು. ಗದಗ-ಬೆಟಗೇರಿಯ ಒತ್ತಾದ ಓಣಿಗಳಲ್ಲಿ ಈ ವೆಚ್ಚವನ್ನು ಹೊರಲು ಸಾವಿರಾರು ಗ್ರಾಹಕರಿದ್ದಾರೆ. ಮುಂಡರಗಿಯ ವಿಶಾಲವಾದ ಎರೆಹೊಲಗಳ ನಡುವೆ ಯಾರಿದ್ದಾರೆ? ಲಕ್ಷ್ಮೇಶ್ವರದಂಥ ಪೇಟೆಯ ಸ್ಥಿತಿ ಇವೆರಡರ ನಡುವಿನದು: ಬಜಾರಿಗೆ ಗಿಡ್ಡ ಅಲೆ ಸಾಕು, ಸುತ್ತಲಿನ ಹಳ್ಳಿಗಳಿಗೆ ಉದ್ದನೆಯದೇ ಬೇಕು. ಆದುದರಿಂದ ಒಂದೇ ಜಾಲಕ್ಕೆ ಎರಡೂ ಬಗೆಯ ಅಲೆಗಳು ಅಗತ್ಯ.

ಹಳೆಯದನ್ನು ಕಿತ್ತು ಹೊಸದನ್ನು ನೆಡುವುದೂ ಸಾಧ್ಯವಿಲ್ಲ. ಏರ್‌ಟೆಲ್ ತನ್ನ 5ಜಿಯನ್ನು ಮೊದಲು ಕಟ್ಟಿದ್ದು ನಾಲ್ಕನೆಯ ತಲೆಮಾರಿನ ತಳಹದಿಯ ಮೇಲೆಯೇ. ಸರಕಾರಿ ಸಂಸ್ಥೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶೀ 4ಜಿ ಜಾಲ ಉದ್ಘಾಟನೆಯಾದುದು 2025ರ ಸೆಪ್ಟೆಂಬರ್ 27ರಂದು. ಅಷ್ಟರಲ್ಲಿ 5ಜಿಗೆ ಮೂರು ವರ್ಷ ತುಂಬುತ್ತ ಬಂದಿತ್ತು. ಇನ್ನೊಂದು ವಿಚಿತ್ರವನ್ನು ಗಮನಿಸಿರಿ. 2020ರ ವೇಳೆಗೆ ಏರ್‌ಟೆಲ್ ಮೂರನೆಯ ತಲೆಮಾರಿನ ಜಾಲವನ್ನು ಮುಚ್ಚತೊಡಗಿತಾದರೂ ಎರಡನೆಯದನ್ನು ಉಳಿಸಿಕೊಂಡಿತು. ನಡುವಿನವನು ಹೋದನು, ಹಿರಿಯನು ಉಳಿದನು! ಕಾರಣ ಸರಳವಾಗಿದೆ: ಗುಂಡಿಗಳ ಸಣ್ಣ ದೂರವಾಣಿ ಕೋಟ್ಯಂತರ ಜನರ ಕೈಯಲ್ಲಿತ್ತು.

ಹಳೆಯ ಜಾಲಕ್ಕೆ ಕೊಟ್ಟ ತರಂಗಪಟ್ಟಿಯನ್ನು ಬಿಡಿಸಿಕೊಂಡರೆ ಹೊಸದಕ್ಕೆ ಜಾಗವಾಗುತ್ತದೆ, ನಿಜ. ಆದರೆ ಶಿರಹಟ್ಟಿಯ ಕಡೆಯ ಒಂದು ಹಳ್ಳಿಯಲ್ಲಿ ಅಂಥ ಸಣ್ಣ ದೂರವಾಣಿಯನ್ನೇ ನಂಬಿದ ಮುದುಕಿಯೊಬ್ಬಳಿಗೆ 108ರ ಆಂಬುಲೆನ್ಸನ್ನು ಕರೆಯಲು ಇರುವ ದಾರಿ ಅದೊಂದೇ. ಹೊಸ ಜಾಲವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಪೇಟೆಯ ಜನಸಂಖ್ಯೆ ನಿರ್ಣಯಿಸಲಿ. ಹಳೆಯದನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಗುಡ್ಡದ ಆಚೆಯ ಆ ಕೊನೆಯ ಕರೆ ನಿರ್ಣಯಿಸಬೇಕು.