ಸಿಂಧನೂರು ಸಾಮಾನ್ಯ, ಮಸ್ಕಿ, ಲಿಂಗಸುಗೂರು ಮೀಸಲು: ಏಕೆ?

ಪ್ರಶ್ನೆ: ಮೂರೂ ರಾಯಚೂರು ಜಿಲ್ಲೆಯ ಕ್ಷೇತ್ರಗಳೇ. 2028ರ ವಿಧಾನಸಭಾ ಚುನಾವಣೆಗೆ ಮೀಸಲಾತಿ ಬದಲಾಗುವುದೇ?

ಉತ್ತರ: 2001ರ ಜನಗಣತಿ ಆಧರಿಸಿದ ಮರುವಿಂಗಡಣೆ 2008ರಲ್ಲಿ ಜಾರಿಗೆ ಬಂತು. ಮಸ್ಕಿ ಕ್ಷೇತ್ರ ಹುಟ್ಟಿದ್ದೂ ಆಗಲೇ. ಪರಿಶಿಷ್ಟ ಪಂಗಡದವರ ಪ್ರಮಾಣ ಹೆಚ್ಚಿದ್ದ ಕ್ಷೇತ್ರಗಳು ಆ ಪಂಗಡಕ್ಕೆ ಮೀಸಲಾದವು, ಮಸ್ಕಿಯೂ ಅವುಗಳಲ್ಲೊಂದು. ಪರಿಶಿಷ್ಟ ಜಾತಿಯ ಮೀಸಲಿಗೆ ಜನಸಂಖ್ಯೆಯ ಜೊತೆಗೆ, ಕ್ಷೇತ್ರಗಳು ರಾಜ್ಯದೆಲ್ಲೆಡೆ ಹರಡಿರಬೇಕೆಂಬ ನಿಯಮವೂ ಇದೆ. ಲಿಂಗಸುಗೂರು ಹಾಗೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಸಿಂಧನೂರು ಎರಡರಲ್ಲೂ ಸೇರದ್ದರಿಂದ ಸಾಮಾನ್ಯ. ಹೊಸ ಮರುವಿಂಗಡಣೆ ಜಾರಿಯಾಗುವ ತನಕ ಇದೇ ವ್ಯವಸ್ಥೆ.

ಮೀಸಲು ಕಟ್ಟುಪಾಡು ಅಭ್ಯರ್ಥಿಗೆ ಮಾತ್ರ, ಮತ ಎಲ್ಲರದ್ದೂ. ಆ ಮತದ ಬೆಲೆ ಮಸ್ಕಿಯವರಿಗೆ ಚೆನ್ನಾಗಿ ಗೊತ್ತು. 2018ರಲ್ಲಿ ಪ್ರತಾಪಗೌಡ ಪಾಟೀಲರು ಗೆದ್ದದ್ದು ಬರೀ 213 ಮತಗಳಿಂದ. ಅವರು ರಾಜೀನಾಮೆಯಿತ್ತು ಪಕ್ಷ ಬದಲಿಸಿದ ಮೇಲೆ, 2021ರ ಉಪಚುನಾವಣೆಯಲ್ಲಿ ಬಸನಗೌಡ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಅವರನ್ನು ಸೋಲಿಸಿದರು.