ಬಿಸಿಲಿನ ಪೆಟ್ಟು, ಜೀವಕೋಶದ ಕಾವಲುಗಾರ

ದಿನವಿಡೀ ಬಿಸಿಲಿನಲ್ಲಿ ಆಡಿ ಬಂದವನ ಮೈ ಕಪ್ಪಿಡುವುದನ್ನು ಯಾರು ಕಂಡಿಲ್ಲ? ಆದರೆ ಆ ಹೊತ್ತಿನಲ್ಲಿ ಅವನ ಚರ್ಮದ ಜೀವಕೋಶಗಳೊಳಗೆ ಸಾವುಬದುಕಿನ ಹೋರಾಟವೊಂದು ನಡೆದಿರುತ್ತದೆಂಬುದನ್ನು ಬಲ್ಲವರು ಕೆಲವರೇ.

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳೂ ಉಂಟಷ್ಟೆ. ಅವುಗಳಲ್ಲಿ 280ರಿಂದ 315 ನ್ಯಾನೊಮೀಟರ್ ತರಂಗದೂರವುಳ್ಳವು ಚರ್ಮದ ಹೊರಪದರವನ್ನು ಹೊಕ್ಕು, ಕೋಶಕೇಂದ್ರದಲ್ಲಿರುವ ಡಿ.ಎನ್.ಎ.ಯನ್ನು ತಾಕುತ್ತವೆ. ಡಿ.ಎನ್.ಎ. ಎಂಬುದು ಜೀವದ ಆದೇಶಗಳನ್ನೆಲ್ಲ ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟ ಗ್ರಂಥವಿದ್ದಂತೆ. ಕಿರಣದ ಪೆಟ್ಟಿಗೆ ಸಿಕ್ಕಿದ ಕಡೆ ಅಕ್ಕಪಕ್ಕದ ಎರಡು ಅಕ್ಷರಗಳು, ಹೆಚ್ಚಾಗಿ ಥೈಮಿನ್‌ಗಳು, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಗ್ರಂಥವನ್ನು ಹಾಗೆಯೇ ನಕಲು ಮಾಡಿದರೆ ತಪ್ಪು ನುಸುಳಬಹುದು. ಆ ತಪ್ಪು ಮುಂದೆ ಹುಟ್ಟುವ ಕೋಶಗಳಿಗೆಲ್ಲ ಹರಿದುಬರುತ್ತದೆ.

ಈ ಅಪಾಯವನ್ನೆದುರಿಸುವ ಏರ್ಪಾಡಿನ ನಡುವೆ ನಿಂತಿರುವುದು ಪಿ53 ಎಂಬ ಪ್ರೋಟೀನು. 1979ರಲ್ಲಿ ಹಲವು ಪ್ರಯೋಗಶಾಲೆಗಳ ವಿಜ್ಞಾನಿಗಳು ಇದನ್ನು ಬೇರೆಬೇರೆಯಾಗಿ ಗುರುತಿಸಿದರು. ಮನುಷ್ಯನಲ್ಲಿ ಇದು 393 ಅಮೈನೊ ಆಮ್ಲಗಳ ಸರಪಳಿ. ಡಿ.ಎನ್.ಎ.ಯ ಗೊತ್ತಾದ ಸ್ಥಾನಗಳಿಗೆ ಅಂಟಿಕೊಂಡು, ಯಾವ ಜೀನಿನ ಆದೇಶವನ್ನು ಓದಬೇಕೆಂಬುದನ್ನು ಗೊತ್ತುಪಡಿಸುವ ಪ್ರೋಟೀನುಗಳನ್ನು ಪ್ರತಿಲೇಖನ ಕಾರಕಗಳೆನ್ನುತ್ತಾರೆ. ಪಿ53 ಅಂಥವುಗಳಲ್ಲೊಂದು.

ನೆಮ್ಮದಿಯ ಕಾಲದಲ್ಲಿ ಎಂ.ಡಿ.ಎಂ.2 ಎಂಬ ಇನ್ನೊಂದು ಪ್ರೋಟೀನು ಪಿ53ನ್ನು ಹುಟ್ಟಿದಂತೆಲ್ಲ ನಾಶಕ್ಕೆ ಗುರಿಮಾಡುತ್ತಿರುತ್ತದೆ. ಡಿ.ಎನ್.ಎ.ಗೆ ಪೆಟ್ಟು ಬಿದ್ದೊಡನೆ ಈ ಹಿಡಿತ ಸಡಿಲವಾಗಿ, ಪಿ53ರ ಪ್ರಮಾಣ ಏರತೊಡಗುತ್ತದೆ.

ಆಗ ಅದು ಮಾಡುವ ಕೆಲಸಗಳು ಮುಖ್ಯವಾಗಿ ಮೂರು. ಮೊದಲನೆಯದು ತಡೆ: ಪಿ21 ಎಂಬ ಪ್ರೋಟೀನಿನ ಜೀನನ್ನೆಬ್ಬಿಸಿ ಕೋಶವಿಭಜನೆಯನ್ನು ನಿಲ್ಲಿಸುತ್ತದೆ. ಎರಡನೆಯದು ದುರಸ್ತಿ: ಕೆಟ್ಟ ಜಾಗವನ್ನು ಹುಡುಕುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಬೆಸೆದ ಅಕ್ಷರಗಳಿರುವ ಸುಮಾರು 30 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿ ಹೊಸದಾಗಿ ತುಂಬಲಾಗುತ್ತದೆ. ಈ ದುರಸ್ತಿಯ ಬಗೆಯನ್ನು ಬಿಡಿಸಿ ತೋರಿಸಿದ ಅಜೀಜ್ ಸಂಜಾರ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಹಾನಿ ದುರಸ್ತಿಗೆ ಮೀರಿದ್ದರೆ ಮೂರನೆಯ ಕೆಲಸ: ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವಂತೆ ಮಾಡುವುದು. ಬಿಸಿಲಿಗೆ ಬೆಂದ ಚರ್ಮ ಸುಲಿಯುವಾಗ ಉದುರುವ ಕೋಶಗಳಲ್ಲಿ ಹೀಗೆ ದೇಹಕ್ಕಾಗಿ ಪ್ರಾಣತೆತ್ತವೂ ಇರುತ್ತವೆ.

ಮೈ ಕಪ್ಪಿಡುವುದರಲ್ಲಿಯೂ ಪಿ53ರ ಕೈವಾಡವುಂಟು. ಅದರ ಪ್ರೇರಣೆಯಿಂದ ಹೊರಡುವ ಸಂದೇಶವನ್ನು ಪಡೆದು, ವರ್ಣಕೋಶಗಳು ಮೆಲನಿನ್ ಎಂಬ ಕಪ್ಪುಬಣ್ಣವನ್ನು ತಯಾರಿಸುತ್ತವೆ. ಆ ಬಣ್ಣದ ಕಣಗಳು ಕೋಶಕೇಂದ್ರದ ಮೇಲೆ ಕೊಡೆ ಹಿಡಿದಂತೆ ನಿಲ್ಲುತ್ತವೆ.

ಆದರೆ ಪೆಟ್ಟು ಪಿ53ರ ಜೀನಿಗೇ ಬಿದ್ದರೆ? ಕಾವಲುಗಾರನಿಲ್ಲದ ಕೋಶವು ತಪ್ಪುಗಳನ್ನು ಹೊತ್ತೇ ವಿಭಜನೆಗೊಳ್ಳುತ್ತದೆ. ಚರ್ಮದ ಅನೇಕ ಕ್ಯಾನ್ಸರ್‌ಗಳಲ್ಲಿ ಈ ಜೀನು ಕೆಟ್ಟಿರುವುದೂ, ಅದರ ಮೇಲೆ ಅತಿನೇರಿಳೆ ಕಿರಣಗಳ ಗುರುತೇ ಉಳಿದಿರುವುದೂ ಕಂಡುಬಂದಿವೆ. ನಡುಹಗಲಿನಲ್ಲಿ ಕೊಡೆ ಹಿಡಿದು ನಡೆಯಿರೆಂದು ಹಿರಿಯರು ಹೇಳುವ ಮಾತನ್ನು ಇನ್ನು ಮುಂದೆ ವಿದ್ಯಾರ್ಥಿಗಳು ಹಗುರವಾಗಿ ಕಾಣಲಾರರು.