ರ‍್ಯಾಂಪಿನ ಋತು, ಪೇಟೆಯ ಪಂಚಾಂಗ

ಫ್ಯಾಷನ್ ಎಂಬುದು ಋತುಗಳ ಲೆಕ್ಕದಲ್ಲಿ ನಡೆಯುವ ವ್ಯವಹಾರವಾದರೆ, ಬೆಂಗಳೂರಿನ ಹಳೆಯ ಪೇಟೆಯಲ್ಲಿ ಆ ಲೆಕ್ಕವನ್ನು ಬರೆದಿಡುವುದು ಪಂಚಾಂಗ. ಕಲಾಸಿಪಾಳ್ಯದ ಲಾರಿ ಆಫೀಸುಗಳಲ್ಲಿ ಇಳಿದ ಬಟ್ಟೆಯ ಬೇಲುಗಳು, ಮೈಮೇಲೆ ಅಂಗಡಿಯ ಗುರುತನ್ನು ಹೊತ್ತುಕೊಂಡು, ತಳ್ಳುಗಾಡಿಗಳಲ್ಲೋ ಹಮಾಲರ ಬೆನ್ನ ಮೇಲೋ ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಹಾದು ಅವೆನ್ಯೂ ರಸ್ತೆ, ಚಿಕ್ಕಪೇಟೆಗಳತ್ತ ಸಾಗುವ ಓಟ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಆಷಾಢದಲ್ಲಿ ಮದುವೆಯ ಮುಹೂರ್ತಗಳಿಲ್ಲದಿರುವುದರಿಂದ ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕರಗಿಸುವ ವ್ಯಾಪಾರಿಗಳು, ಅದೇ ಹೊತ್ತಿನಲ್ಲಿ ಶ್ರಾವಣದ ಮಂಗಳಗೌರಿ, ವರಮಹಾಲಕ್ಷ್ಮಿ ವ್ರತಗಳಿಗೂ ಮುಂದೆ ಬರುವ ಗೌರಿಹಬ್ಬ, ದಸರಾ, ದೀಪಾವಳಿಗಳಿಗೂ ಬೇಕಾದ ಹೊಸ ಮಾಲನ್ನು ತರಿಸಿಕೊಳ್ಳುತ್ತಾರೆ. ಹೊಸ ಮಾಲು ಬರುವ ಈ ಕಾಲವನ್ನು ಪೇಟೆಯವರು ‘ಸೀಸನ್’ ಎಂದೇ ಕರೆಯುತ್ತಾರೆ.

ಪ್ಯಾರಿಸ್, ಮಿಲಾನ್‌ಗಳ ಸೀಸನ್ನಿನ ಹುಟ್ಟು ಬೇರೆ. 1858ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಂಸ್ಥೆಯನ್ನು ತೆರೆದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ದರ್ಜಿ, ಗ್ರಾಹಕರು ಹೇಳಿದಂತೆ ಹೊಲಿದುಕೊಡುವ ರೂಢಿಯನ್ನು ಬಿಟ್ಟು, ತಾನೇ ಉಡುಪಿನ ಮಾದರಿಗಳನ್ನು ಸಿದ್ಧಪಡಿಸಿ ರೂಪದರ್ಶಿಯರಿಗೆ ತೊಡಿಸಿ ತೋರಿಸತೊಡಗಿದನು. ವಿನ್ಯಾಸಕಾರ ಎಂಬ ವೃತ್ತಿಗೂ, ರೂಪದರ್ಶಿಗಳು ನಡೆದು ತೋರಿಸುವ ರ‍್ಯಾಂಪ್ ಎಂಬ ವೇದಿಕೆಗೂ ಮೂಲವಿರುವುದು ಅಲ್ಲಿಯೇ. ಮಳಿಗೆಗಳವರು ನೋಡಿ ಬೇಡಿಕೆ ಕೊಡಲು, ಕಾರ್ಖಾನೆಗಳು ಅದನ್ನು ಪೂರೈಸಲು ಕಾಲಾವಕಾಶ ಬೇಕಾದ್ದರಿಂದ ವಸಂತ–ಬೇಸಿಗೆಯ ಉಡುಪುಗಳು ಸೆಪ್ಟೆಂಬರ್ ಹೊತ್ತಿಗೂ, ಶರತ್ಕಾಲ–ಚಳಿಗಾಲದವು ಫೆಬ್ರವರಿ ಹೊತ್ತಿಗೂ, ಅಂದರೆ ಸುಮಾರು ಆರು ತಿಂಗಳು ಮೊದಲೇ, ಪ್ರದರ್ಶನಗೊಳ್ಳುತ್ತವೆ. ಹೀಗೆ ಒಂದೇ ಹಂಗಾಮಿನಲ್ಲಿ ಹಲವು ವಿನ್ಯಾಸಕಾರರ ಕೆಲಸದಲ್ಲಿ ಒಟ್ಟಿಗೆ ತಲೆದೋರುವ ಬಣ್ಣ, ಕಸೂತಿ ಅಥವಾ ಹೊಲಿಗೆಯ ಧಾಟಿಗೆ ‘ಟ್ರೆಂಡ್’ ಎಂಬ ಹೆಸರಿದೆ. ಭಾರತದಲ್ಲಿ ವಿನ್ಯಾಸಕಾರರ ಒಕ್ಕೂಟವು 1998ರಲ್ಲಿ ರೂಪುಗೊಂಡು, 2000ದಲ್ಲಿ ಮೊದಲ ಇಂಡಿಯಾ ಫ್ಯಾಷನ್ ವೀಕ್ ದೆಹಲಿಯಲ್ಲಿ ನಡೆಯಿತು. ಮುಂಬಯಿಯ ಲ್ಯಾಕ್ಮೆ ಫ್ಯಾಷನ್ ವೀಕ್ ವರ್ಷದ ತನ್ನ ಎರಡನೆಯ ಆವೃತ್ತಿಗೆ ‘ಚಳಿಗಾಲ–ಹಬ್ಬ’ ಎಂದು ಹೆಸರಿಟ್ಟಿತು. ಸ್ವೆಟರಿಗಿಂತ ಹೆಚ್ಚಿನ ಚಳಿಯುಡುಪು ಬೇಕಿಲ್ಲದ ಬೆಂಗಳೂರಿನಂಥ ಊರುಗಳ ಮಟ್ಟಿಗೆ ಆ ಹೆಸರಿನಲ್ಲಿ ಅರ್ಥವಿರುವುದು ಎರಡನೆಯ ಪದಕ್ಕೆ ಮಾತ್ರ.

ರ‍್ಯಾಂಪಿನ ಮೇಲೆ ಕಂಡ ಬಣ್ಣವೋ, ಚಿತ್ರನಟಿಯೊಬ್ಬರು ಮದುವೆಗೆ ಉಟ್ಟ ಸೀರೆಯ ಅಂಚೋ ಸೂರತ್ತಿನ ಪಾಲಿಯೆಸ್ಟರಿನಲ್ಲಿ ನಕಲಾಗಿ, ಸಿನಿಮಾದ ಅಥವಾ ಧಾರಾವಾಹಿಯ ಹೆಸರು ಹೊತ್ತು ಪೇಟೆಗೆ ಬಂದಿಳಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಆದರೆ ಮಗ್ಗಕ್ಕೆ ಆ ಅವಸರ ತಿಳಿಯದು. ಬೆಂಗಳೂರಿನ ವಿನ್ಯಾಸಕಾರರಲ್ಲಿ ಹೆಸರು ಉಳಿಸಿಕೊಂಡವರ ಪೈಕಿ ಹಲವರು ಮಗ್ಗದ ಈ ನಿಧಾನಕ್ಕೆ ತಮ್ಮ ಹೆಜ್ಜೆಯನ್ನು ಹೊಂದಿಸಿಕೊಂಡವರು. ಎರಿ ರೇಷ್ಮೆಯನ್ನೂ ಕೈಮಗ್ಗದ ನೇಯ್ಗೆಗಳನ್ನೂ ಇಂದಿನ ಉಡುಪುಗಳಿಗೆ ಒಗ್ಗಿಸಿದ ದೀಪಿಕಾ ಗೋವಿಂದ್ ಅವರಲ್ಲಿ ಒಬ್ಬರು.

ಈ ದಾರಿಯಲ್ಲಿ ಇನ್ನೂ ಹಿಂದಿನಿಂದ ನಡೆದು ಬಂದ ಸಂಸ್ಥೆಯೆಂದರೆ ವಿಮೋರ್. ಸರ್ಕಾರಿ ಕರಕುಶಲ ಮಳಿಗೆ ‘ಕಾವೇರಿ’ಯ ಅನುಭವವಿದ್ದ ಚಿಮಿ ನಂಜಪ್ಪ ಅವರೂ ಅವರ ಮಗಳು ಪವಿತ್ರಾ ಮುದ್ದಯ್ಯ ಅವರೂ 1974ರಲ್ಲಿ ಬೆಂಗಳೂರಿನಲ್ಲಿ ಇದನ್ನು ಆರಂಭಿಸಿದರು. ದೇವಸ್ಥಾನಗಳಲ್ಲಿ ದೇವರಿಗೆ ಉಡಿಸಿದ ಸೀರೆಗಳನ್ನು ಹರಾಜು ಹಾಕುವ ಪದ್ಧತಿಯುಂಟಷ್ಟೆ. ಹಾಗೆ ಹರಾಜಿಗೆ ಬಂದ ಹಳೆಯ ಸೀರೆಗಳನ್ನು ಕೊಂಡು, ಅವುಗಳಲ್ಲಿನ ಮರೆತುಹೋದ ಅಂಚು, ಬುಟ್ಟಾ, ಸೆರಗಿನ ಚಿತ್ತಾರಗಳನ್ನು ಬಿಡಿಸಿ ನೋಡಿ ನೇಕಾರರ ಕೈಯಲ್ಲಿ ಮತ್ತೆ ನೇಯಿಸಿದ್ದು ಇವರ ಕೆಲಸದ ಮೊದಲ ಹೆಜ್ಜೆ. ಎರಡನೆಯ ಹೆಜ್ಜೆ ವ್ಯಾಪಾರದ ಕಣ್ಣಿಗೆ ಇನ್ನೂ ವಿಚಿತ್ರವಾದದ್ದು: ತಾವು ರೂಪಿಸಿದ ವಿನ್ಯಾಸವನ್ನು ತಮ್ಮದೆಂದು ಬಿಗಿದಿಡದೆ, ನೇಕಾರರು ಅದನ್ನು ಬೇರೆಯವರಿಗೂ ನೇಯ್ದು ಮಾರಲು ಮುಕ್ತವಾಗಿ ಬಿಟ್ಟರು. ನಕಲಾಗುವುದೇ ವಿನ್ಯಾಸಕಾರರ ದೊಡ್ಡ ಭಯವಾಗಿರುವ ಕ್ಷೇತ್ರದಲ್ಲಿ, ನಕಲಾದರೆ ಮಗ್ಗ ಉಳಿಯುತ್ತದೆ ಎಂಬ ಈ ಎಣಿಕೆ ಸಾಮಾನ್ಯವಾದುದಲ್ಲ. ಪವಿತ್ರಾ ಮುದ್ದಯ್ಯ ಅವರಿಗೆ 2018ರ ನಾರಿ ಶಕ್ತಿ ಪುರಸ್ಕಾರ ಸಂದಿತು. 2019ರಲ್ಲಿ ಸಂಸ್ಥೆಯು ಜವಳಿ ವಸ್ತುಸಂಗ್ರಹಾಲಯವೊಂದನ್ನೂ ತೆರೆಯಿತು.

ಮಗ್ಗದ ನಿಧಾನವೆಂದರೇನು ಎಂಬುದನ್ನು ಇಳಕಲ್ ಸೀರೆಯಲ್ಲಿ ಕಣ್ಣಾರೆ ಕಾಣಬಹುದು. ಉದ್ದಕ್ಕೆ ಚಾಚಿರುವ ಎಳೆಗಳಿಗೆ ಹಾಸು ಎಂದೂ, ಲಾಳಿಯು ಅಡ್ಡಲಾಗಿ ಎಳೆದೊಯ್ಯುವ ಎಳೆಗೆ ಹೊಕ್ಕು ಎಂದೂ ಹೆಸರು. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸು ಬಹುಮಟ್ಟಿಗೆ ಹತ್ತಿಯದಾದರೆ ಸೆರಗಿನ ಹಾಸು ರೇಷ್ಮೆಯದು. ಈ ಎರಡು ಹಾಸುಗಳನ್ನು, ಎಳೆಗೆ ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸಿ ಒಂದು ಮಾಡುವ ಕ್ರಮಕ್ಕೆ ಕೊಂಡಿ ಎನ್ನುತ್ತಾರೆ. ಸೆರಗನ್ನು ಬೆಳಕಿಗೆ ಹಿಡಿದರೆ ಒಡಲಿನ ಬಣ್ಣ ನಿಂತು ಕೆಂಪು ಹತ್ತುವ ಗಡಿಯಲ್ಲಿ ಆ ಸೇರಿಕೆ ಕಾಣುತ್ತದೆ. ಅದರಾಚೆಗೆ ಜೋಳದ ತೆನೆ, ಬಾಚಣಿಗೆಯ ಹಲ್ಲುಗಳಂಥ ಬಿಳಿಯ ಚಿತ್ತಾರಗಳುಳ್ಳ ತೋಪುತೆನೆ ಸೆರಗು. ಕೊಂಡಿ ಹಾಕುವುದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಹತ್ತಾರು ಸೀರೆಗಳಿಗೆ ಆಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಏರಿಸುವ ಅನುಕೂಲ ಇಲ್ಲಿಲ್ಲವಾದ್ದರಿಂದ, ಮುಂದಿನ ತಿಂಗಳ ಪ್ರದರ್ಶನಕ್ಕೆಂದು ಈ ತಿಂಗಳು ಅವಸರಪಡಿಸಿದರೆ ಕೆಲಸ ಕೆಡುತ್ತದೆ.

ಮತ್ತೆ ಬೆಂಗಳೂರಿನ ಪೇಟೆಗೆ ಬಂದರೆ, ಕಲಾಸಿಪಾಳ್ಯಕ್ಕೆ ಸಮೀಪದಲ್ಲೇ ಇರುವ ಕಬ್ಬನ್‌ಪೇಟೆ ನೇಕಾರರ ಹಳೆಯ ನೆಲೆ. ಅಲ್ಲಿನ ಕಿರಿದಾದ ಮನೆಗಳಲ್ಲಿ ರೇಷ್ಮೆಯ ಮಗ್ಗಗಳ ಸದ್ದು ಬಹುಕಾಲ ಬೀದಿಗೂ ಕೇಳುತ್ತಿತ್ತು. ಜಕಾರ್ಡ್ ಎಂಬ, ರಂಧ್ರ ಕೊರೆದ ರಟ್ಟುಗಳ ಸಾಲಿನಿಂದ ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ಸಾಧನವುಳ್ಳ ಮಗ್ಗದಲ್ಲಿ ಅಂಚಿನ ಮಾವಿನಕಾಯಿಯನ್ನು ಹಂಸವಾಗಿಸಬೇಕಾದರೆ, ಮೊದಲು ಚಿತ್ತಾರವನ್ನು ಚೌಕುಳಿ ಕಾಗದದ ಮೇಲೆ ಬಿಡಿಸಿ, ಅನಂತರ ಆ ರಟ್ಟುಗಳನ್ನೆಲ್ಲ ಹೊಸದಾಗಿ ಕೊರೆಸಬೇಕು. ಈ ಖರ್ಚನ್ನು ಹೊರಲಾರದೆ ಹಳೆಯ ರಟ್ಟುಗಳನ್ನೇ ಬಣ್ಣ ಬದಲಿಸಿ ಬಳಸುವುದು ಸಾಮಾನ್ಯ. ಸಂಪ್ರದಾಯ ಎಂದು ಹೊರಗಿನವರು ಹೊಗಳುವ ಅಂಚುಗಳಲ್ಲಿ ಕೆಲವು ಉಳಿದುಬಂದದ್ದು ಈ ಲೆಕ್ಕಾಚಾರದಿಂದಲೂ ಹೌದು.

ಅಂಗಡಿಯಿಂದ ಹೊರಬಂದ ಸೀರೆಯೂ ಕೂಡಲೇ ಉಡಲು ಸಿದ್ಧವಾಗಿರುವುದಿಲ್ಲ. ಕೆಳಅಂಚಿಗೆ ಫಾಲ್ಸ್ ಹೊಲಿಸಿ, ತುದಿಗೆ ಜಿಗ್‌ಜಾಗ್ ಹಾಕಿಸಿ, ಮ್ಯಾಚಿಂಗ್ ಸೆಂಟರಿನಲ್ಲಿ ಲೈನಿಂಗ್ ಬಟ್ಟೆಯನ್ನು ಸೀರೆಗೆ ಒತ್ತಿ ಬಣ್ಣ ತಾಳೆ ನೋಡಿದ ಮೇಲೆ, ಸೆರಗಿನ ಬಿಡಿ ಎಳೆಗಳು ಕುಚ್ಚು ಕಟ್ಟುವ ಹೆಂಗಸರ ಮನೆಗೆ ಹೋಗುತ್ತವೆ. ರೇಷ್ಮೆ ದಾರವನ್ನು ಮಣಿಯೊಂದಿಗೆ ಸುತ್ತಿ ಗಂಟು ಬಿಗಿದು ಸಮವಾಗಿ ಕತ್ತರಿಸುವ ಈ ಕೆಲಸದಲ್ಲಿ ಹೊಸ ಮಾದರಿಗಳು ವರ್ಷವರ್ಷವೂ ಹುಟ್ಟುತ್ತಿದ್ದರೂ ಅವುಗಳ ವಿನ್ಯಾಸಕಾರರ ಹೆಸರು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಉಳಿದದ್ದು ರವಿಕೆ. ವರಮಹಾಲಕ್ಷ್ಮಿಗೆ ಇನ್ನೂ ವಾರವಿರುವಾಗಲೇ ಚಾಮರಾಜಪೇಟೆ, ಬಸವನಗುಡಿಗಳ ಬ್ಲೌಸ್ ಟೈಲರುಗಳು ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿಬಿಡುತ್ತಾರೆ.